ಗುರುವಾರದ ಗ್ಲಾಸು

ನಮ್ಮೂರಿನಲ್ಲಿ ಬಿಯರ್ ಕುಡಿದವನಿಗೆ ಅಮಲು ಮಾತ್ರ ಬರುತ್ತದೆ, ಕಹಿ ಬರುವುದು ಬೇರೆಯವರ ಬಾಯಿಗೆ. ಬಿಯರ್ ಒಂದೇ ಅಲ್ಲ, ಅನ್ನ, ಸಾರು, ಹೋಳಿಗೆ, ಜ್ವರದ ಕಷಾಯ, ಎಲ್ಲವೂ ಹಾಗೆಯೇ. ನಾನು ತಿಂದದ್ದರ ರುಚಿ ನನಗಿಲ್ಲ. ಅದು ಊರಿನಲ್ಲಿ ಇನ್ನೆಲ್ಲೋ ಕೂತ ಒಬ್ಬರ ನಾಲಿಗೆಯ ಮೇಲೆ ಹೋಗಿ ಇಳಿಯುತ್ತದೆ. ಆ ಒಬ್ಬರಿಗೆ ನಾವು ರುಚಿದಾರರು ಅನ್ನುತ್ತೇವೆ. ನಾನು ಕಂಬಾರ ಅಡಿವೆಪ್ಪನ ರುಚಿದಾರ. ಅಂದರೆ ಅವನು ತಿಂದದ್ದು ನನಗೆ ಬರುತ್ತದೆ. ಮೂರು ಹೊತ್ತೂ ರೊಟ್ಟಿ, ಶೇಂಗಾ ಚಟ್ನಿ. ಊಟಕ್ಕೆ ಮೊದಲು ತಂಬಾಕು, ಊಟವಾದ ಮೇಲೆ ತಂಬಾಕು. ಮೂವತ್ತಾರು ವರ್ಷದಿಂದ ನನ್ನ ಹೆಂಡತಿ ಏನೇ ಬೇಯಿಸಿ ಬಡಿಸಲಿ, ನನಗೆ ಅಡಿವೆಪ್ಪನ ರೊಟ್ಟಿಯೇ. ಒಮ್ಮೆ ಅವನ ಕೈ ಹಿಡಿದು, ಮಾರಾಯಾ, ಯುಗಾದಿಗಾದರೂ ಒಂದು ಹೋಳಿಗೆ ತಿನ್ನಪ್ಪಾ ಎಂದು ಬೇಡಿಕೊಂಡೆ. ತಿಂದ. ಹೋಳಿಗೆಯ ಜೊತೆ ತಂಬಾಕನ್ನೂ ತಿಂದ.

ಹುಟ್ಟಿದಾಗಿನಿಂದ ಹೀಗೇ ಆದ್ದರಿಂದ ನಮಗೆ ಇದರಲ್ಲಿ ಸೋಜಿಗವೇನೂ ಕಾಣುವುದಿಲ್ಲ. ಮಧ್ಯಾಹ್ನ ಒಂದಕ್ಕೆ ಪುರಸಭೆಯವರು ಗಂಟೆ ಬಾರಿಸುತ್ತಾರೆ, ಇಡೀ ಊರು ಒಟ್ಟಿಗೆ ಉಣ್ಣುತ್ತದೆ. ಇಲ್ಲವಾದರೆ ಬಟ್ಟೆ ಒಗೆಯುತ್ತಿದ್ದವಳ ಬಾಯಿಗೆ ಧುತ್ತೆಂದು ಬೆಳ್ಳುಳ್ಳಿ ಖಾರ ಬರುತ್ತದೆ. ಬಸುರಿಯ ಬಯಕೆಯ ತಟ್ಟೆ ಅವಳ ಮನೆಗೆ ಹೋಗುವುದಿಲ್ಲ, ಅವಳು ಯಾರ ರುಚಿದಾರಳೋ ಅವರ ಮನೆಗೆ ಹೋಗುತ್ತದೆ. ಗಡ್ಡದ ಗಂಡಸೊಬ್ಬ ಕಟ್ಟೆಯ ಮೇಲೆ ಕೂತು ಗಂಭೀರವಾಗಿ ಹುಣಸೆಕಾಯಿ ಚೀಪುತ್ತಿದ್ದರೆ, ಯಾರದೋ ಮನೆಯಲ್ಲಿ ತೊಟ್ಟಿಲು ಕಟ್ಟುವ ಕಾಲ ಬಂತೆಂದು ನಾವು ತಿಳಿಯುತ್ತೇವೆ. ಯಾರ ರುಚಿ ಯಾರಿಗೆ ಎಂಬುದನ್ನು ಹದಿನಾಲ್ಕನೇ ವಯಸ್ಸಿಗೆ ಪುರಸಭೆಯಲ್ಲಿ ಗೊತ್ತು ಮಾಡಿ ದಾಖಲೆ ಬರೆಯುತ್ತಾರೆ. ನನ್ನ ಹೆಸರು ಚಂದ್ರಾಮ. ನನ್ನ ಹೆಸರಿನ ಮುಂದೆ ರುಚಿದಾರಳೆಂದು ಬರೆದದ್ದು ರವಿಕೆ ಹೊಲಿಯುವ ಅಂಬಕ್ಕನ ಹೆಸರು.

ಕಹಿ ಬಿಯರಿಗೆ ಮಾತ್ರ ನಮ್ಮಲ್ಲಿ ಬೇರೆ ಕಾನೂನು. ಕುಡಿಯುವವನು ಒಪ್ಪಿ ಕುಡಿಯುತ್ತಾನೆ, ಅದು ಅವನ ಪಾಡು. ಆದರೆ ಆ ಕಹಿ ಹೋಗಿ ಕೂರುವುದು ಏನೂ ಅರಿಯದ ಯಾವುದೋ ಅಜ್ಜಿಯ ಬಾಯಲ್ಲಿ. ಅಜ್ಜಿಯನ್ನು ಕೇಳುವವರು ಯಾರು? ಅದಕ್ಕೇ ಹೊಸ ಬಿಯರ್ ಮಾಡಿದವರು ಮೊದಲು ಒಂದು ಶೀಷೆಯನ್ನು ಪುರಸಭೆಗೆ ತರಬೇಕು. ಗುರುವಾರ ಸಂಜೆ ನಾಲ್ಕಕ್ಕೆ ಮಹಡಿಯ ಮೇಲೆ ನಾನು ಅದನ್ನು ಕುಡಿಯಬೇಕು. ಬಣ್ಣ, ನೊರೆ, ವಾಸನೆ ನನ್ನ ಪಾಲು. ಕಣ್ಣು ಮೂಗು ಇನ್ನೂ ನನ್ನವೇ. ರುಚಿಯನ್ನು ಅಂಬಕ್ಕ ಹೇಳಬೇಕು. ನನ್ನ ಮುಖ ನೋಡಿ ಅವಳು ಮಾತು ಬದಲಿಸಬಾರದೆಂದು ನಡುವೆ ಬಿದಿರಿನ ತಟ್ಟಿ. ನಾನು ಕುಡಿದು ಗ್ಲಾಸು ಕೆಳಗಿಟ್ಟ ಸದ್ದಾದರೆ ಅವಳು ಶುರು ಮಾಡುತ್ತಾಳೆ. ಗುಮಾಸ್ತ ಶ್ರೀಪಾದರಾಯರು ಅವಳ ಮಗ್ಗುಲಲ್ಲೇ ಮೇಜು ಹಾಕಿಕೊಂಡು ಬರೆದುಕೊಳ್ಳುತ್ತಾರೆ. ಕೊನೆಗೆ ಅವಳು 'ಊರ ಬಾಯಿಗೆ ಆಗಬಹುದು' ಅನ್ನಬೇಕು, ಇಲ್ಲವೇ 'ಊರ ಬಾಯಿಗೆ ಬ್ಯಾಡ' ಅನ್ನಬೇಕು. ಬ್ಯಾಡ ಅಂದರೆ ಮಾಡಿದವರು ಭಟ್ಟಿಯ ಬೆಂಕಿ ಆರಿಸಬೇಕು. ಏಳು ವರ್ಷ ಮತ್ತೆ ಹೊತ್ತಿಸುವಂತಿಲ್ಲ.

ಈ ಕೆಲಸ ನನಗೆ ಸಿಕ್ಕಿದ್ದು ನನ್ನ ಯೋಗ್ಯತೆಯಿಂದ ಅಲ್ಲ. ಊರಿಗೇ ಹೆಸರಾದದ್ದು ಅಂಬಕ್ಕನ ನಾಲಿಗೆ. ಪುರಸಭೆಯವರು ಆ ನಾಲಿಗೆಯನ್ನು ಹುಡುಕಿಕೊಂಡು ಬಂದರು, ಅದರ ಬೆನ್ನಿಗೆ ನಾನು ಬಾಯಿಯಾಗಿ ಬಂದೆ. 'ಮೊದಲ ಗುಟುಕಿಗೆ ಕಿತ್ತಳೆ ಸಿಪ್ಪೆ ಮೂಗಿನ ಹತ್ತಿರ ಹಿಂಡಿದಂಗ. ನುಂಗಿದ ಮ್ಯಾಲ ಬೇವಿನ ಚಿಗುರು. ಅದೂ ಹೋದ ಮ್ಯಾಲ ಸುಟ್ಟ ಬೆಲ್ಲ, ತವರಿಗೆ ಹೋದ ಮಗಳಂಗ, ತಡಾ ಮಾಡಿ ಬರತೈತಿ.' ಹೀಗೆ ಹೇಳುತ್ತಿದ್ದಳು. ಅದನ್ನು ಪುರಸಭೆಯ ಬಾಗಿಲಿಗೆ ಅಂಟಿಸುತ್ತಿದ್ದರು. ಜನ ನಿಂತು ಓದುತ್ತಿದ್ದರು. ಓದಿದ ಮೇಲೆ ಎಲ್ಲರ ಬಾಯಿಗೂ ಕಿತ್ತಳೆ ಸಿಪ್ಪೆಯೇ ಬರುತ್ತಿತ್ತು. ಬರಲಿಲ್ಲ ಅಂದವನನ್ನು ಕತ್ತೆಗೇನು ಗೊತ್ತು ಕಸ್ತೂರಿ ಅಂತ ನಕ್ಕುಬಿಡುತ್ತಿದ್ದರು.

ಇಪ್ಪತ್ತೊಂದು ವರ್ಷ ಹೀಗೆ ಕುಡಿದೆ. ಕುಡಿಯುವುದೆಂದರೇನು, ನನ್ನ ಮಟ್ಟಿಗೆ ಅದು ನೊರೆ ಬಂದ ನೀರು. ಅದರಲ್ಲೂ ಕಹಿಗೆಂದು ಹಾಕುವ ಹಾಪ್ಸ್ ಹೂವು ಜಾಸ್ತಿ ಹಾಕಿದ ಗಟ್ಟಿ ಬಿಯರಾದರೆ ನುಂಗುವಾಗ ಏನೂ ತಿಳಿಯದು, ಎದ್ದು ನಿಂತಾಗ ಕಾಲು ತಿಳಿಸುತ್ತದೆ. ಶುಕ್ರವಾರವಿಡೀ ತಲೆನೋವು, ಶನಿವಾರ ಹೊಟ್ಟೆಯುರಿ. ವೈದ್ಯರು ನನ್ನ ಹೊಟ್ಟೆ ಒತ್ತಿ ನೋಡಿ, ಸಾಕು ಮಾಡಿ ಎಂದು ಎರಡು ಸಲ ಹೇಳಿಯಾಗಿತ್ತು. ನನ್ನವಳು ಹೇಳಿದ್ದಕ್ಕೆ ಲೆಕ್ಕವೇ ಇಲ್ಲ. ನನಗೂ ಸಾಕಾಗಿತ್ತು. ಮಂದಿ ಬಾಯಿ ಚಪ್ಪರಿಸಿ ಓದುವ ಮಾತಿಗೆ ನಾನು ಕೊಳವೆಯಿದ್ದ ಹಾಗೆ. ಒಂದು ಕಡೆಯಿಂದ ಹೊಯ್ಯುತ್ತಾರೆ, ಇನ್ನೊಂದು ಕಡೆ ಅಂಬಕ್ಕ ಹಿಡಿದುಕೊಳ್ಳುತ್ತಾಳೆ, ನಡುವೆ ಕೊಳವೆಗೆ ತುಕ್ಕು ಹಿಡಿಯುತ್ತದೆ. ನನಗೆ ಸಿಟ್ಟೂ ಬರುತ್ತಿರಲಿಲ್ಲ. ದಣಿವು, ಅಷ್ಟೇ.

ಆ ಬುಧವಾರ ನೀಲಗಂಗಾ ನಮ್ಮ ಮನೆಗೆ ಬಂದಳು. ಮೂವತ್ತು ದಾಟಿದ ಹೆಂಗಸು, ಮೊಳಕೈ ತನಕ ಸುಟ್ಟ ಕಲೆಗಳು. ಮಾರನೇ ದಿನ ಮಹಡಿಗೆ ಬರಬೇಕಾದದ್ದು ಅವಳ ಬಿಯರು. ಮಾಡಿದವರು ಕುಡಿಯುವವನನ್ನು ಕಾಣಬಾರದೆಂದೇನೂ ಕಾನೂನಿಲ್ಲ, ಕಂಡು ಪ್ರಯೋಜನವಿಲ್ಲ ಅಷ್ಟೇ.

"ಕೂಡೂದಿಲ್ರಿ," ಅಂದಳು ಬಾಗಿಲಲ್ಲೇ ನಿಂತು. "ಒಂದ ಮಾತು ಹೇಳಿ ಹೋಗ್ತೀನಿ. ನಾಳೆ ಅದನ್ನ ಥಣ್ಣಗ ಮಾಡಿ ಕುಡೀಬ್ಯಾಡ್ರಿ. ನೆಳ್ಳಾಗ ಇಟ್ಟ ಮಣ್ಣಿನ ಕೊಡದ ನೀರು ಇರತೈತಲ್ಲ, ಅಷ್ಟು ತಂಪಿದ್ರ ಸಾಕು."

"ನಂಗೇನ್ ತಿಳೀತೈತವಾ? ಅಂಬಕ್ಕಗ ಹೇಳು."

"ಅಕಿಗೆ ಹೇಳಾಕ ಅಂಜಿಕಿ ಬರತೈತಿ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಮ್ಮಪ್ಪನ ಭಟ್ಟಿ ಆರಿಸಿದಾಕಿ ಅಕಿ. ಹದಿನಾಕು ವರ್ಷ ಆತು. ಅಪ್ಪ ಆಮ್ಯಾಲ ಸುಣ್ಣದ ಗೂಡಿಗೆ ಕೂಲಿ ಹೋದ, ಅಲ್ಲೇ ಕೆಮ್ಮಿ ಕೆಮ್ಮಿ ಸತ್ತ. ಸಾಯೂಮುಂದ ಏನಂದ ಗೊತ್ತೈತೇನ್ರಿ? ಅಂಬಕ್ಕನ ನಾಲಿಗಿ ಸುಳ್ಳು ಹೇಳೂದಿಲ್ಲ, ನನ್ನ ಕೈಯಾಗ ಏನೋ ತಪ್ಪಿರಬೇಕು ಅಂದ. ಆ ತಪ್ಪು ಹುಡುಕಾಕ ನಂಗ ಮೂರು ವರ್ಷ ಹಿಡೀತು. ಮಾಳಿಗಿ ಮ್ಯಾಲ ಹಗ್ಗ ಕಟ್ಟಿ ಹಾಪ್ಸ್ ಬಳ್ಳಿ ನಾನ ಹಬ್ಬಿಸೀನಿ. ಮೂರು ಸಲ ಕುದಿಸಿ ಮೂರು ಸಲ ಚೆಲ್ಲೀನಿ. ನಾಳೆ ಅಕಿ ಬ್ಯಾಡ ಅಂದ್ರ ಏಳು ವರ್ಷ. ಏಳು ವರ್ಷ ಆದಮ್ಯಾಲ ನನ್ನ ಕೈಯಾಗ ಇದು ಇರೂದಿಲ್ರಿ. ಅಪ್ಪನ ಕೈಯಾಗ ಉಳೀಲಿಲ್ಲ."

ಕೊಳವೆ ಏನು ಹೇಳೀತು? ಪೂರ್ತಿ ಕುಡಿಯುತ್ತೇನೆ, ಅರ್ಧಕ್ಕೆ ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ಅವಳು ಅದಕ್ಕೇ ಕೈಮುಗಿದು ಹೋದಳು.

ಗುರುವಾರ ಬೆಳಗಿನಿಂದಲೇ ಹೊಟ್ಟೆ ಹದ ತಪ್ಪಿತ್ತು. ನಾಲ್ಕಕ್ಕೆ ಮಹಡಿ ಹತ್ತಿ ತಟ್ಟಿಯ ಹಿಂದೆ ಹೋಗಿ ಕೂತೆ. ಅತ್ತ ಕಡೆ ಅಂಬಕ್ಕ ಕುರ್ಚಿ ಎಳೆದುಕೊಂಡದ್ದು, ಶ್ರೀಪಾದರಾಯರು ಗಂಟಲು ಸರಿ ಮಾಡಿಕೊಂಡದ್ದು ಕೇಳಿಸಿತು. ನೀಲಗಂಗಾ ಎಲ್ಲರ ಹಾಗೆ ಕೆಳಗೆ ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದಳು. ಶೀಷೆಯ ಬಿರಡೆ ತೆಗೆದು ಗ್ಲಾಸಿಗೆ ಬಗ್ಗಿಸಿದೆ. ತೊಳೆದ ತಾಮ್ರದ ಬಣ್ಣ. ಮೇಲೆ ಎರಡು ಬೆರಳು ದಪ್ಪ ನೊರೆ, ಬೇಗ ಒಡೆಯದ ನೊರೆ. ಮೂಗಿನ ಹತ್ತಿರ ತಂದೆ. ಚಕ್ಕೋತದ ಸಿಪ್ಪೆ, ಮಾವಿನಕಾಯಿ ತೊಟ್ಟು ಮುರಿದಾಗ ಬರುವ ಸೊನೆ, ಅದರ ಹಿಂದೆ ಆಗತಾನೇ ಕೊಯ್ದ ಹುಲ್ಲು. ಇಪ್ಪತ್ತೊಂದು ವರ್ಷದಲ್ಲಿ ಇಂಥ ವಾಸನೆ ಮೂಗಿಗೆ ಬಂದದ್ದು ನೆನಪಿರಲಿಲ್ಲ. ಇದನ್ನೆಲ್ಲ ಜೋರಾಗಿ ಹೇಳಿದೆ, ರಾಯರು ಬರೆದುಕೊಂಡರು.

ಇನ್ನು ಕುಡಿಯಬೇಕು. ಗ್ಲಾಸನ್ನು ತುಟಿಗಿಟ್ಟೆ. ನೊರೆ ಮೀಸೆಗೆ ತಾಕಿತು. ಅಷ್ಟರಲ್ಲಿ ಹೊಟ್ಟೆಯಿಂದ ಏನೋ ಮೇಲೆದ್ದು ಬಂದ ಹಾಗಾಯಿತು. ಒಂದು ನಿಮಿಷ ಸುಧಾರಿಸಿಕೊಂಡು ಕುಡಿದರಾಯಿತು ಎಂದು ತುಂಬಿದ ಗ್ಲಾಸನ್ನು ಹಾಗೆಯೇ ಕೆಳಗಿಟ್ಟೆ. ಟಕ್ ಎಂದಿತು.

"ಹಾಂ. ಬಂತು," ಅಂದಳು ಅಂಬಕ್ಕ ಅತ್ತಲಿಂದ.

ನಾನು ಗ್ಲಾಸನ್ನೇ ನೋಡಿದೆ. ಅಂಚಿನ ತನಕ ತುಂಬಿತ್ತು.

"ಬರಕೋರಿ ರಾಯರ. ಮೊದಲು ಭಾಳ ಆಸೆ ತೋರಸ್ತೈತಿ. ಚಕ್ಕೋತ ಅಂತೈತಿ, ಮಾವು ಅಂತೈತಿ. ನುಂಗಿದ ಮ್ಯಾಲ ಕೈ ಬಿಡತೈತಿ. ಒಲಿಯಾಗಿನ ಬೂದಿ ಕಲಸಿ ನಾಲಿಗಿ ಬುಡಕ್ಕ ಹಚ್ಚಿದಂಗ ಆಗೈತಿ, ಹೋಗವಲ್ದು. ಈ ಕಹಿಗೆ ಹಿಂದಿಲ್ಲ ಮುಂದಿಲ್ಲ. ಕುಡದಾವಗ ಅಮಲು ಏರೂದ್ರಾಗ ರುಚಿದಾರ ಅತ್ತಿರತಾನ." ಅವಳು ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿದ ಸದ್ದಾಯಿತು. ಆ ಸದ್ದೂ ನನಗೆ ಇಪ್ಪತ್ತೊಂದು ವರ್ಷದಿಂದ ಗೊತ್ತಿದ್ದದ್ದೇ. "ಊರ ಬಾಯಿಗೆ ಬ್ಯಾಡ."

ನಾನಿನ್ನೂ ಒಂದು ಹನಿಯನ್ನೂ ಕುಡಿದಿರಲಿಲ್ಲ. ನಾಲಿಗೆಗೆ ರುಚಿ ಬಂದರೆ ಅವಳಿಗೆ ತಾನಾಗಿ ತಿಳಿಯಬೇಕಲ್ಲ, ಗ್ಲಾಸಿನ ಸದ್ದು ಏಕೆ ಬೇಕು? ಈ ಪ್ರಶ್ನೆಯನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಚಕ್ಕೋತ, ಮಾವು ಎಂದು ನಾನೇ ಹೇಳಿಕೊಟ್ಟು, ಅದನ್ನೇ ಅವಳು ತಿರುಗಿಸಿ ಹೇಳಿದಾಗ ತಲೆದೂಗುತ್ತ ಬಂದಿದ್ದೆ. ಸಿಟ್ಟು ಬಂತು, ಬಹಳ ವರ್ಷಗಳ ಮೇಲೆ. ಅವಳ ಮೇಲೋ ನನ್ನ ಮೇಲೋ ತಿಳಿಯಲಿಲ್ಲ. ಆ ಸಿಟ್ಟಿನಲ್ಲೇ ಗ್ಲಾಸೆತ್ತಿ ಒಂದೇ ಉಸಿರಿಗೆ ಪೂರ್ತಿ ಕುಡಿದುಬಿಟ್ಟೆ. ನೀಲಗಂಗಾಳಿಗೆ ಮಾತು ಕೊಟ್ಟಿದ್ದೆನಲ್ಲ.

ಅತ್ತ ಕಡೆಯಿಂದ ಜೋರಾಗಿ ಕೆಮ್ಮು ಕೇಳಿಸಿತು. ಏನೋ ಉರುಳಿ ಬಿತ್ತು. ಎದ್ದು ತಟ್ಟಿಯ ಆಚೆ ಇಣುಕಿದೆ. ಅಂಬಕ್ಕ ಕನ್ನಡಕ ಮಡಿಸಿ ಡಬ್ಬಿಗೆ ಹಾಕುತ್ತಿದ್ದಳು, ಅವಳ ಮುಖದಲ್ಲಿ ಏನೂ ಇರಲಿಲ್ಲ. ಕೆಮ್ಮುತ್ತಿದ್ದವರು ಶ್ರೀಪಾದರಾಯರು. ಮಸಿಯ ಕುಡಿಕೆ ನೆಲದ ಮೇಲೆ ಬಿದ್ದಿತ್ತು. ಬಾಯಿಗೆ ಅಂಗೈ ಒತ್ತಿಕೊಂಡಿದ್ದರು, ಕಣ್ಣಿನಿಂದ ನೀರು ಸುರಿಯುತ್ತಿತ್ತು.

"ರಾಯರ," ಅಂದೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು, ನನ್ನ ಕೈಯ ಖಾಲಿ ಗ್ಲಾಸನ್ನು ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ರಾಯರು ತುಟಿ ಒರೆಸಿಕೊಂಡರು.

"ಅಂಬಕ್ಕ, ನೀ ಮಾತಾಡೂಮುಂದ ನಾ ಇನ್ನೂ ಕುಡಿದಿರ್ಲಿಲ್ಲ," ಅಂದೆ. "ಈಗ ಕುಡಿದೆ."

ಅಂಬಕ್ಕ ಕನ್ನಡಕದ ಡಬ್ಬಿಯ ಮುಚ್ಚಳ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು. ಅವಳು ಅಳುತ್ತಾಳೆ, ಇಲ್ಲವೇ ನನ್ನ ಮೇಲೆ ಹರಿಹಾಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಬಹಳ ಹೊತ್ತು ತಲೆಯ ಮೇಲೆ ಹೊತ್ತಿದ್ದ ಕೊಡ ಇಳಿಸಿದವಳ ಹಾಗೆ ಕುರ್ಚಿಗೆ ಒರಗಿದಳು.

"ನನ್ನ ಬಾಯಿಗೆ ಯಾರದೂ ಬರೂದಿಲ್ಲ, ಚಂದ್ರಾಮ," ಅಂದಳು. "ಹುಟ್ಟಿದಾಗಿಂದ ಬಂದಿಲ್ಲ."

ನಮ್ಮೂರಿನಲ್ಲಿ ಅಂಥವರನ್ನು ಬರಡು ನಾಲಿಗೆ ಅನ್ನುತ್ತಾರೆ. ನೂರಕ್ಕೊಬ್ಬರು ಇರುತ್ತಾರೆ. ಅವರನ್ನು ಯಾರೂ ಮದುವೆಯಾಗುವುದಿಲ್ಲ, ಪಂಕ್ತಿಯಲ್ಲಿ ಕೂರಿಸುವುದಿಲ್ಲ, ಅವರ ಮುಂದೆ ಮಗುವಿಗೆ ತುತ್ತು ಕೊಡುವುದಿಲ್ಲ. ಹದಿನಾಲ್ಕನೇ ವಯಸ್ಸಿನಲ್ಲಿ ನಮ್ಮನ್ನೆಲ್ಲ ಪುರಸಭೆಯ ಅಂಗಳದಲ್ಲಿ ಸಾಲಾಗಿ ಕೂರಿಸಿದ್ದರು. ಒಬ್ಬೊಬ್ಬರಾಗಿ ಎದ್ದು ನಿಂತು ಒಂದು ಚೂರು ಬೆಲ್ಲ ತಿನ್ನಬೇಕು, ಸಿಹಿ ಬಂದವರು ಕೈ ಎತ್ತಬೇಕು. ಆಗಿನ್ನೂ ಅಂಬಿ ಎಂಬ ಹುಡುಗಿಯಾಗಿದ್ದವಳು ಕಾದು ಕಾದು ನೋಡಿದ್ದಾಳೆ. ಯಾರು ತಿಂದರೂ ಬಾಯಿ ಒಣಗಿಯೇ ಇತ್ತು. ಅವಳ ಕೂಡ ಬಂದವರೆಲ್ಲ ಕೈ ಎತ್ತಿ ಮುಗಿಸುತ್ತಿದ್ದರು. ನಾನು ಬೆಲ್ಲ ತಿಂದಾಗ ಒಂದು ಗಳಿಗೆ ಯಾರ ಕೈಯೂ ಏಳಲಿಲ್ಲವಂತೆ. ಅವಳು ಎತ್ತಿಬಿಟ್ಟಳು.

"ಆಮ್ಯಾಲ ಕೆಳಗ ಇಳಿಸಾಕ ಆಗ್ಲಿಲ್ಲ," ಅಂದಳು. "ರವಿಕಿ ಅಳತಿ ಕೊಡಾಕ ಬಂದ ಹೆಂಗಸರ ಕೂಡ ಊಟದ ಮಾತು ತಗೀತಿದ್ದೆ. ಹುಳಿ ಅಂದ್ರ ಏನಂತಾರ, ಒಗರು ಅಂದ್ರ ಏನಂತಾರ, ಕೇಳಿ ಕೇಳಿ ಕಲತೆ. ನಿನ್ನ ಹೆಂಡ್ತಿ ಸಂತ್ಯಾಗ ಏನ್ ತಗೊಂಡ್ಲು ಅಂತ ನೋಡಿ, ನಿನ್ನ ಮನಿ ಬದನಿಕಾಯಿ ಚಲೋ ಇತ್ತು ಅಂತಿದ್ದೆ. ಎಲ್ಲಾರೂ ಹೊಗಳತಿದ್ರು, ನನಗ ಹಿಗ್ಗಾಗ್ತಿತ್ತು. ಸುಳ್ಳಂತೂ ಹೇಳೂದಿಲ್ಲ, ಭಾಳ ಹಿಗ್ಗಾಗ್ತಿತ್ತು."

"ಮತ್ತ ಬ್ಯಾಡ ಅನ್ನೂದು? ಅದನ್ನೂ ಯಾರಾರ ಹೇಳಿಕೊಟ್ರೇನು?"

ಅವಳು ನೆಲ ನೋಡಿದಳು. "ಎಲ್ಲಾದಕ್ಕೂ ಆಗಬಹುದು ಅಂದ್ರ ಯಾರು ನಂಬ್ತಾರೋ? ನಾಕಕ್ಕೊಂದು, ಐದಕ್ಕೊಂದು ಬ್ಯಾಡ ಅನ್ನಬೇಕಾಗ್ತಿತ್ತು."

ನಾನು ರಾಯರ ಕಡೆ ತಿರುಗಿದೆ. ಅಂದು ಮೊದಲ ಸಾಲಿನಲ್ಲಿ ಕೂತು, ನಾನು ತಿಂದ ಬೆಲ್ಲದ ಸಿಹಿಯನ್ನು ನುಂಗಿಕೊಂಡು ಸುಮ್ಮನಿದ್ದ ಹುಡುಗ ಅವರೇ. ಏಕೆಂದು ಕೇಳುವ ಮೊದಲೇ ಹೇಳಿದರು.

"ನಿಮ್ಮನ್ಯಾಗ ಒಣಮೀನು ತಿಂತಿದ್ರು, ಚಂದ್ರಾಮಪ್ಪ. ಎಲ್ಲಾರಿಗೂ ಗೊತ್ತಿತ್ತು. ಅದು ನನ್ನ ಬಾಯಿಗೆ ಬರತದ ಅಂತ ನಮ್ಮ ತಂದಿಗೆ ಗೊತ್ತಾಗಿದ್ರ ಅವತ್ತೇ ಹೊರಗ ಹಾಕ್ತಿದ್ರು. ಅಂಬಕ್ಕ ಕೈ ಎತ್ತಿದ್ಲು. ದೇವರೇ ಎತ್ತಿಸಿದ ಅಂದ್ಕೊಂಡೆ. ಯಾರ ಕೈಯೂ ಏಳದ ಇನ್ನೊಬ್ಬನ ಬೆಲ್ಲಕ್ಕ ನಾನೂ ಸುಳ್ಳ ಕೈ ಎತ್ತಿದೆ. ನಲವತ್ನಾಲ್ಕು ವರ್ಷ ಸಂಧ್ಯಾವಂದನಿ ಮಾಡಿ ಪಂಕ್ತಿಗೆ ಕೂತು ನಿಮ್ಮ ಮೀನು ಉಂಡೀನಿ." ಅವರು ಮೂಗು ಒರೆಸಿಕೊಂಡು, ಇನ್ನೂ ಸಣ್ಣ ದನಿಯಲ್ಲಿ, "ರವಿವಾರದ ಕುರಿ ಕೈಮಾನೂ," ಅಂದರು. "ಅದು ಭಾಳ ಚಲೋ ಇರ್ತಿತ್ತು."

ನಗಬೇಕೆನ್ನಿಸಿತು, ಆಗಲಿಲ್ಲ. ಕೆಳಗಿನಿಂದ ನೀಲಗಂಗಾಳ ದನಿ ಬಂತು. "ಏನಾತ್ರೀ? ಬರಲೇನ್ರಿ ಮ್ಯಾಲೆ?"

"ತಡಿಯವಾ," ಎಂದು ಕೂಗಿ ರಾಯರು ಬರೆದ ಹಾಳೆಯನ್ನು ಕೈಗೆತ್ತಿಕೊಂಡರು. ಸರ್ರನೆ ಹರಿದರು. "ಇದನ್ನ ಬಿಟ್ಟುಬಿಡೋಣ. ಬ್ಯಾರೆ ಬರೀತೀನಿ. ಆಗಬಹುದು ಅಂತ ಅಂಬಕ್ಕನ ಹೆಸರಿನ್ಯಾಗ ಬರದ್ರಾತು. ಆ ಹುಡುಗಿ ಭಟ್ಟಿ ಉಳೀತದ. ನಾವು ಮೂರೂ ಮಂದಿ ಬಾಯಿ ಮುಚ್ಚಿಕೊಂಡು ಮನಿಗೆ ಹೋಗೋಣ."

ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ನನಗೆ ಒಪ್ಪಿಗೆಯಾಯಿತು. ಅಮಲು ಮಂಡಿಯಿಂದ ಮೇಲಕ್ಕೇರುತ್ತಿತ್ತು. ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು. ಹೂಂ ಅಂದೆ.

"ಬ್ಯಾಡ," ಅಂದಳು ಅಂಬಕ್ಕ. "ಸುಳ್ಳು 'ಬ್ಯಾಡ' ಹೆಂಗೋ ಸುಳ್ಳು 'ಆಗಬಹುದು'ನೂ ಹಂಗ, ಎರಡೂ ಬ್ಯಾಡ. ಮುಂದಿನ ಗುರುವಾರ ಇನ್ನೊಬ್ರು ಬರ್ತಾರ. ಅವರಿಗೇನ್ ಹೇಳ್ಲಿ? ನಂಗ ಸಾಕಾಗೈತ್ರಿ ರಾಯರ. ನಿಮಗ ಸಾಕಾಗಿಲ್ಲೇನ್ರಿ?" ಅವಳೇ ಎದ್ದು ಹೋಗಿ ಮೆಟ್ಟಿಲ ಬಾಯಿಯಲ್ಲಿ ನಿಂತಳು. "ಬಾ ನೀಲಗಂಗಾ."

ನೀಲಗಂಗಾ ಎರಡೆರಡು ಮೆಟ್ಟಿಲು ಹಾರಿ ಬಂದಳು. ಬಂದವಳು ನೆಲದ ಮಸಿ ನೋಡಿದಳು, ಹರಿದ ಹಾಳೆ ನೋಡಿದಳು, ಮುಖ ಬಿಳಿಚಿಕೊಂಡಿತು. ಅಂಬಕ್ಕ ಅವಳನ್ನು ಕೂರು ಅನ್ನಲಿಲ್ಲ, ಸುತ್ತಿ ಬಳಸಿ ಹೇಳಲಿಲ್ಲ. ಎದುರು ನಿಂತು, ನನಗೆ ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದಳು. ತನ್ನದು ಬರಡು ನಾಲಿಗೆ ಎಂದಳು. ಚಂದ್ರಾಮನ ಬಾಯಿಯ ರುಚಿ ಹೋಗುವುದು ಈ ರಾಯರಿಗೆ ಎಂದಳು. ಇಪ್ಪತ್ತೊಂದು ವರ್ಷ ಹೇಳಿದ್ದೆಲ್ಲ ಕಟ್ಟಿ ಹೇಳಿದ್ದು ಎಂದಳು. ಆ ಮಾತುಗಳು ಅವಳ ಬಾಯಿಂದ ಅಷ್ಟು ಒಣಗಿ ಬಂದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ನೀಲಗಂಗಾ ಅವಳನ್ನು ಹೊಡೆಯುತ್ತಾಳೆ ಎಂದು ನನಗೆ ನಿಜವಾಗಿ ಅನ್ನಿಸಿತು. ಕೈ ಎತ್ತಿದಳು ಕೂಡ. ಆ ಕೈ ಗಾಳಿಯಲ್ಲೇ ನಿಂತಿತು, ಆಮೇಲೆ ಬಂದು ಅವಳದೇ ಎದೆಯ ಮೇಲೆ ಕೂತಿತು. ಅವಳು ಅಂಬಕ್ಕನನ್ನು ಬಿಟ್ಟು ರಾಯರ ಮುಂದೆ ಹೋಗಿ ನಿಂತಳು.

"ನಮ್ಮಪ್ಪಂದು ಕುಡಿದಾಗ ನಿಮಗ ಬಂದಿತ್ತೇನ್ರಿ?"

ರಾಯರು ನೆಲಕ್ಕೆ ಬಿದ್ದಿದ್ದ ಮಸಿಯ ಕುಡಿಕೆಯನ್ನು ಎತ್ತಿ ಮೇಜಿನ ಮೇಲಿಟ್ಟರು.

"ಹದಿನಾಕು ವರ್ಷದ ಹಿಂದ. ಬಸಪ್ಪ ಹೂಲಿ ಅಂತ. ನೆನಪೈತೇನ್ರಿ?"

"ನೆನಪದವಾ." ರಾಯರು ಮೇಜಿನ ಅಂಚು ಹಿಡಿದುಕೊಂಡರು. "ಚಲೋ ಇತ್ತು. ಭಾಳ ಚಲೋ ಇತ್ತು. ಅವತ್ತು ಇಕಿ ಬ್ಯಾಡ ಅಂದ್ಲು, ನಾ ಬರಕೊಂಡೆ, ಶಿಕ್ಕಾ ಹೊಡದೆ. ಬಾಯಾಗ ಇನ್ನೂ ಅದರ ರುಚಿ ಇತ್ತು, ಶಿಕ್ಕಾ ಹೊಡಿಯೂಮುಂದ."

ಆಗ ನೀಲಗಂಗಾ ಅತ್ತಳು. ನೆಲದ ಮೇಲೆ ಕೂತು, ಮಸಿಯಲ್ಲಿ ಸೀರೆ ತೊಯ್ದದ್ದೂ ತಿಳಿಯದೆ, ಅಪ್ಪಾ ನಿನ್ನ ಕೈಯಾಗ ತಪ್ಪಿರ್ಲಿಲ್ಲೋ ಎಂದು ಒಂದೇ ಮಾತನ್ನು ನಾಲ್ಕಾರು ಸಲ ಹೇಳಿ ಅತ್ತಳು. ನಾವು ಮೂವರು ಮುದಿಯರು ತಲಾ ಒಂದು ಗೋಡೆ ನೋಡುತ್ತ ನಿಂತೆವು. ಆ ನಾಚಿಕೆಗೆ ಹೆಸರಿಲ್ಲ. ನಾನು ಯಾವ ಸುಳ್ಳೂ ಹೇಳಿರಲಿಲ್ಲ, ನಿಜ. ಏನನ್ನೂ ಕೇಳಿಯೂ ಇರಲಿಲ್ಲ.

ಅತ್ತು ಮುಗಿದ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಶೀಷೆಯಲ್ಲಿ ಇನ್ನೂ ಅರ್ಧ ಉಳಿದಿತ್ತು. ತಾನೇ ಗ್ಲಾಸಿಗೆ ಬಗ್ಗಿಸಿ ನನ್ನ ಕೈಗೆ ಕೊಟ್ಟಳು.

"ಅಪ್ಪಂದಂತೂ ಹೋತು. ನಂದು ಹೇಳ್ರಿ," ಅಂದಳು ರಾಯರಿಗೆ. "ಚಲೋ ಇದ್ರ ಚಲೋ ಅನ್ರಿ, ಕೆಟ್ಟಿದ್ರ ಕೆಟ್ಟ ಅನ್ರಿ. ಬ್ಯಾಡ ಅಂದ್ರ ಭಟ್ಟಿ ಆರಸ್ತೀನಿ. ಖರೇ ಹೇಳ್ರಿ ಅಷ್ಟ."

ರುಚಿದಾರನ ರುಜು ಇಲ್ಲದೆ ಹಾಳೆ ಬಾಗಿಲಿಗೆ ಹೋಗುವಂತಿಲ್ಲ. ರಾಯರು ರುಜು ಹಾಕಿದರೆ ನಾಳೆ ಅವರ ಓಣಿಯೆಲ್ಲ ಅದನ್ನು ಓದುತ್ತದೆ, ನಲವತ್ನಾಲ್ಕು ವರ್ಷದ ಒಣಮೀನಿನ ಸಮೇತ. ಅವರಿಗೆ ಅದು ಗೊತ್ತಿತ್ತು. ಹೊಸ ಹಾಳೆ ತೆಗೆದು, ಕೆಳಗೆ ಮೊದಲು ತಮ್ಮ ಹೆಸರು ಬರೆದರು, ಮೇಲಿನ ಜಾಗ ಖಾಲಿ ಬಿಟ್ಟರು. ತಟ್ಟಿಯನ್ನು ಯಾರೋ ಪಕ್ಕಕ್ಕೆ ಸರಿಸಿದ್ದರು. ನಾನು ಎಲ್ಲರ ಎದುರಿಗೇ ಒಂದು ಗುಟುಕು ಕುಡಿದೆ.

ರಾಯರು ಕಣ್ಣು ಮುಚ್ಚಿದರು.

"ಕಹಿ ಅದ," ಅಂದರು ರಾಯರು.

ಕಾದೆವು.

"ಭಾಳ ಕಹಿ ಅದ. ಚಲೋ ಅದ."

"ಅಷ್ಟೇನ್ರಿ?" ನೀಲಗಂಗಾಳ ದನಿ ಒಡೆಯಿತು. "ಮೂರು ವರ್ಷಕ್ಕ ಅಷ್ಟೇನ್ರಿ?"

ರಾಯರು ದಿಕ್ಕು ತೋಚದೆ ನನ್ನನ್ನು ನೋಡಿದರು. ಪಾಪ, ನಲವತ್ನಾಲ್ಕು ವರ್ಷ ಗುಟ್ಟಾಗಿ ಉಂಡವರು ಅದನ್ನು ಯಾರಿಗಾದರೂ ಹೇಳಿದ್ದರೆ ತಾನೆ ಹೇಳಲು ಬರುವುದು? ಊರಿನ ಅತ್ಯಂತ ಒಳ್ಳೆಯ ಬಿಯರು ಅವರ ಬಾಯಲ್ಲಿತ್ತು, ಒಂದು ಮಾತೂ ಇರಲಿಲ್ಲ.

"ಎಲ್ಲಿ ಕಹಿ?" ಎಂದು ಕೇಳಿದವಳು ಅಂಬಕ್ಕ. ಅವಳು ಕುರ್ಚಿಯನ್ನು ರಾಯರ ಎದುರಿಗೆ ಎಳೆದುಕೊಂಡು ಕೂತಿದ್ದಳು. "ನಾಲಿಗಿ ತುದಿಗೋ, ಬುಡಕ್ಕೋ?"

"ಬುಡಕ್ಕ."

"ಬರೂಮುಂದ ಬಂತೋ, ಹೋಗೂಮುಂದ ಬಂತೋ?"

"ಮೊದಲು... ಮೊದಲು ಸಿಹಿ ಇತ್ತು. ಸಿಹಿ ಅಂದ್ರ ಬೆಲ್ಲ ಅಲ್ಲ. ಹುರದ ಜ್ವಾಳ ಇರತದಲ್ಲ, ಹಂತಾದು. ಆಮ್ಯಾಲ ಕಹಿ ಬಂತು. ಒಮ್ಮಿಗೇ ಬಂತು."

"ಬಾಯಿ ಒಣಗಿಸ್ತೇನು, ನೀರೂರಿಸ್ತೇನು?"

"ನೀರೂರಿಸ್ತು." ರಾಯರು ಕಣ್ಣು ತೆರೆದರು. "ಖರೇ ಅಂದ್ರ, ಇನ್ನೊಂದು ಗುಟುಕು ಬೇಕನಸ್ತದ."

"ಬರೀರಿ," ಅಂದಳು ಅಂಬಕ್ಕ, ತಾನು ಮಾತು ಜೋಡಿಸುತ್ತ. ಹುರಿದ ಜೋಳದ ಸಿಹಿಯ ಹಿಂದೆ ಅಡಗಿ ಬಂದು ಹಿಡಿಯುವ ಕಹಿ. ಹಿಡಿದದ್ದು ಬಿಡುವಾಗ ಇನ್ನೊಂದು ಗುಟುಕು ಕೇಳುತ್ತದೆ. ಊರ ಬಾಯಿಗೆ ಆಗಬಹುದು. ರಾಯರು ಬರೆದರು. ಶಿಕ್ಕಾ ಹೊಡೆದರು. ನೀಲಗಂಗಾ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಯಾರಿಗೂ ಕೈಮುಗಿಯದೆ, ಅಂಟಿಸಲು ಕೆಳಗೆ ಹೋದಳು. ಮುಗಿಯದೇ ಹೋದದ್ದು ಸರಿಯೆನ್ನಿಸಿತು.

ಕೆಲಸ ಮುಗಿದಿತ್ತು. ನಾನು ಏಳಬಹುದಿತ್ತು, ಇದೇ ನನ್ನ ಕೊನೆಯ ಗುರುವಾರವೆಂದು ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಿದ್ದೆ. ಆದರೆ ಅಂಬಕ್ಕ ರಾಯರ ಎದುರಿನಿಂದ ಕದಲಲಿಲ್ಲ. ಅವಳ ಮುಖದಲ್ಲಿ ನಾನು ಹಿಂದೆಂದೂ ಕಾಣದ ಹಸಿವಿತ್ತು. ಇಷ್ಟು ವರ್ಷ ಎಲ್ಲರಿಂದ ಕದ್ದು ಕೇಳಿಸಿಕೊಂಡವಳು, ಬಾಯಿಬಿಟ್ಟು ಒಬ್ಬರನ್ನೂ ಕೇಳುವ ಹಾಗಿರಲಿಲ್ಲ. ಕೇಳಿದ್ದರೆ ಸಿಕ್ಕಿಬೀಳುತ್ತಿದ್ದಳು.

"ಇದು ಬರಿಯೂದು ಬ್ಯಾಡ ರಾಯರ," ಅಂದಳು. "ಸುಮ್ಮ ನನಗ ಹೇಳ್ರಿ. ಕಹಿ ಅಂತೀರಿ, ಮತ್ತ ಚಲೋ ಅಂತೀರಿ. ಎರಡೂ ಒಂದ ಬಾಯಾಗ ಹೆಂಗ ಇರತಾವು?"

ರಾಯರು ನಾಲಿಗೆಯನ್ನು ಬಾಯೊಳಗೆಲ್ಲ ಆಡಿಸಿ ನೋಡಿಕೊಂಡರು. "ಈಗ ಹೋತು ನೋಡವಾ ಅದು," ಅಂದರು ಪೇಚಾಡಿಕೊಂಡು. "ಬಾಯಾಗ ಇದ್ದಿದ್ರ ಹೇಳಬಹುದಿತ್ತೇನೋ."

ಗ್ಲಾಸಿನಲ್ಲಿ ಇನ್ನೂ ಉಳಿದಿತ್ತು. ನನ್ನ ಹೊಟ್ಟೆ ಉರಿಯುತ್ತಿತ್ತು, ಬಾಯಿಯಲ್ಲಿ ಅಡಿವೆಪ್ಪನ ತಂಬಾಕು ತುಂಬಿತ್ತು. ಕುರ್ಚಿ ಎಳೆದುಕೊಂಡು ಅವರಿಬ್ಬರ ಪಕ್ಕ ಕೂತೆ. ಗ್ಲಾಸೆತ್ತಿ, ರಾಯರಿಗೆ ಹೇಳಲು ಹೊತ್ತು ಸಾಲಲೆಂದು, ಸಣ್ಣ ಸಣ್ಣ ಗುಟುಕಾಗಿ ಕುಡಿಯತೊಡಗಿದೆ.